ಒಂದೇ ವಿಳಾಸದ ಇಬ್ಬರು

ಹಿಪ್ಪುನೇರಳೆ ಸೊಪ್ಪಿನ ಹಸಿವಾಸನೆಯ ಅಡಿಯಲ್ಲಿ, ಹುಳಿ ಬಂದ ಅಂಬಲಿಯಂಥ ಒಂದು ಸಣ್ಣ ಎಳೆ. ಅಜ್ಜಿ ರೇಷ್ಮೆ ಹುಳುವಿನ ತಟ್ಟೆಗಳ ಮೇಲೆ ಬಗ್ಗಿ, ಕಣ್ಣು ಮುಚ್ಚಿ ಮೂಸುತ್ತ ಹೋಗಿ, ಆ ಎಳೆ ಸಿಕ್ಕಿದ ಕೂಡಲೇ ತಲೆಯೆತ್ತುತ್ತಿದ್ದಳು. "ಯಾರೋ ವರಗಿನೋರು ಒಳೀಕ್ ಬಂದವ್ರೆ ಕಣೆ ಆಸಾ. ಉಳ ಕೆಟ್ಟೈತೆ" ಎಂದಳೆಂದರೆ ಮುಗಿಯಿತು. ಆ ವಾರ ಬಂದುಹೋದ ನೆಂಟರಿಂದ ಹಿಡಿದು ಸೊಪ್ಪು ಹೊತ್ತು ತಂದವನವರೆಗೆ ಎಲ್ಲರೂ ಅವಳ ಕಣ್ಣಿಗೆ ಕಳ್ಳರೇ.

ಹೆಬ್ಬಗೋಡಿಯ ಆ ಬೀದಿಯಲ್ಲಿ ಈಗ ಹಿಪ್ಪುನೇರಳೆಯ ಒಂದು ಕಡ್ಡಿಯೂ ಇಲ್ಲ. ಆದರೂ ಶನಿವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದು ಕಂಪ್ಯೂಟರಿನ ಮುಂದೆ ಕುಳಿತಿದ್ದ ಆಶಾರಾಣಿಗೆ ಆ ವಾಸನೆ ಮೂಗಿನ ತುದಿಗೆ ಬಂದಂತಾಯಿತು. ಪರದೆಯ ಮೇಲೆ, ಆಟ ಕೆಟ್ಟಿತೆಂಬ ಬ್ರೆಜಿಲಿನ ಯಾರದೋ ಗೋಳಿಗೆ 'ಗ್ರೀನ್ ಪ್ಯಾರಟ್' ಎಂಬ ಹೆಸರಿನವರೊಬ್ಬರು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಿದ್ದರು: 'ಗಾಬರಿಯಾಗಬೇಡಿ. ಮೊದಲು ಎದ್ದು ಒಂದು ಲೋಟ ನೀರು ಕುಡಿದು ಬನ್ನಿ. ನಿಮ್ಮ ಊರು ಎಲ್ಲಿಗೂ ಓಡಿಹೋಗುವುದಿಲ್ಲ.'

ಅದು ಅವಳ ಮಾತು. ಅಕ್ಷರಕ್ಕೆ ಅಕ್ಷರ ಅವಳದೇ.

'ಸೆವೆನ್ ಫೆರೀಸ್' ಎಂಬುದು ಹಳೆಯ ಆಟ. ನದಿಯ ದಂಡೆಯಲ್ಲಿ ಊರು ಕಟ್ಟಬೇಕು, ದೋಣಿಗಳನ್ನು ನಡೆಸಬೇಕು. ಅದನ್ನು ಮಾಡಿದ ಕಂಪನಿ ಮುಚ್ಚಿ ಎಷ್ಟೋ ವರ್ಷವಾದರೂ ಆಡುವವರು ಬಿಟ್ಟಿರಲಿಲ್ಲ. ಹೊಸ ಕಂಪ್ಯೂಟರುಗಳಲ್ಲೂ ಅದು ಓಡಲೆಂದು ತಾವೇ ಒಂದು ದುರಸ್ತಿ ಫೈಲು ಮಾಡಿಕೊಂಡು, ಇಂಟರ್‌ನೆಟ್ಟಿನಲ್ಲಿ ಒಂದು ಕಟ್ಟೆ ಕಟ್ಟಿಕೊಂಡು, ಆಟ ಕೆಟ್ಟವರಿಗೆ ಪುಕ್ಕಟೆ ಸಹಾಯ ಮಾಡುತ್ತಿದ್ದರು. ಗಂಡ ಶ್ರೀಧರ್ ಸೈಬರ್ ಸೆಂಟರ್ ನಡೆಸುತ್ತಿದ್ದ ಕಾಲದಲ್ಲಿ ಮಧ್ಯಾಹ್ನ ಗಿರಾಕಿಗಳಿಲ್ಲದಾಗ ಆಡಲು ಕುಳಿತವಳು ಆಶಾರಾಣಿ. ಬಿಎಸ್ಸಿ ಓದು ಅಲ್ಲಿ ಉಪಯೋಗಕ್ಕೆ ಬಂತು. ಸೈಬರ್ ಸೆಂಟರ್ ಹೋಗಿ ಜೆರಾಕ್ಸ್ ಅಂಗಡಿಯಾದರೂ ಅವಳು ಆ ಕಟ್ಟೆಯಲ್ಲಿ 'ಲ್ಯಾಂಟರ್ನ್' ಎಂಬ ಹೆಸರಿನಲ್ಲಿ ಉಳಿದಳು. ಯಾರ ಹೆಂಡತಿ, ಯಾರ ಸೊಸೆ ಎಂದು ಕೇಳದೆ ಜನ ಅವಳ ಮಾತು ಕೇಳುತ್ತಿದ್ದ ಜಾಗ ಅದೊಂದೇ. ಇಷ್ಟು ದಿನ ದುರಸ್ತಿ ಫೈಲು ನೋಡಿಕೊಳ್ಳುತ್ತಿದ್ದ ಪೋಲೆಂಡಿನ ಮುದುಕ ವೈಟೆಕ್ ಈಗ ಆ ಹೊಣೆಯನ್ನು ಬೇರೆಯವರಿಗೆ ಒಪ್ಪಿಸಬೇಕೆಂದಿದ್ದ. ಅದಕ್ಕೆ ಓಟು ನಡೆಯುತ್ತಿತ್ತು. ಅವಳೂ ನಿಂತಿದ್ದಳು.

ಕಾಫಿ ಮುಗಿಯುವ ಮೊದಲೇ ಫೋನು ಬಂತು. ಬೆಳ್ಳಂದೂರಿನ ಸೌಮ್ಯ. ಅದೇ ಕಟ್ಟೆಯ ಇನ್ನೊಬ್ಬ ಸಹಾಯಕಿ, ಯಾವುದೋ ಟೆಕ್ ಪಾರ್ಕಿನಲ್ಲಿ ಕೆಲಸ. ಫೋನಿನಲ್ಲಿ ಮಾತಾಡಿದ್ದೇ ಹೊರತು ಒಬ್ಬರನ್ನೊಬ್ಬರು ನೋಡಿರಲಿಲ್ಲ.

"ಅಕ್ಕಾ, ತಪ್ಪು ತಿಳ್ಕೋಬೇಡಿ."

"ಹಾಗಂದ್ರೆ ತಪ್ಪು ತಿಳ್ಕೊಳ್ಳೋ ವಿಷಯಾನೇ ಇರುತ್ತೆ. ಹೇಳಮ್ಮ."

"ಆ ಗ್ರೀನ್ ಪ್ಯಾರಟ್ ನೀವೇನಾ?"

ಆಶಾರಾಣಿ ಲೋಟ ಕೆಳಗಿಟ್ಟಳು.

"ಇಬ್ರದ್ದೂ ಒಂದೇ ಇಂಟರ್‌ನೆಟ್ ವಿಳಾಸ ಅಕ್ಕಾ. ವೈಟೆಕ್ ನೋಡಿದಾರೆ. ಬರೆಯೋ ರೀತೀನೂ ಒಂದೇ. ಅದು ಓಟು ಹಾಕಿರೋದೂ ನಿಮಗೇ."

"ನಮ್ಮನೇಲಿ ಬಾಡಿಗೆಯವರಿದ್ದಾರೆ ಸೌಮ್ಯ. ಎಲ್ಲಾ ರೂಮಿಗೂ ನಮ್ಮದೇ ವೈಫೈ. ಅವರಲ್ಲಿ ಯಾರೋ ಇರ್ಬೇಕು."

ಹೇಳಿದ ಮೇಲೆ ಆಶಾರಾಣಿಗೇ ಆ ಮಾತು ಹಳೆಯದೆನಿಸಿತು. ಕಳ್ಳ ಖಾತೆ ತೆರೆದು ಸಿಕ್ಕಿಬಿದ್ದವರೆಲ್ಲ ಹೇಳುವುದು ಅದನ್ನೇ: ನನ್ನ ತಮ್ಮ, ನನ್ನ ರೂಮ್‌ಮೇಟ್, ನನ್ನ ಅತ್ತೆಯ ಮಗ. ಹಂಗೇರಿಯವನೊಬ್ಬ ಅವಳಿ ಅಣ್ಣನಿದ್ದಾನೆ ಎಂದಿದ್ದ. ನಂಬದೆ ಅವನ ಖಾತೆ ಮುಚ್ಚಬೇಕೆಂದವರಲ್ಲಿ ಅವಳೂ ಒಬ್ಬಳು.

"ಸೋಮವಾರದೊಳಗೆ ಏನಾದ್ರೂ ತೋರ್ಸಿ ಅಕ್ಕಾ. ಇಲ್ಲಾಂದ್ರೆ ರೂಲ್ ಪ್ರಕಾರ ಎರಡೂ ಖಾತೆ ಕ್ಲೋಸ್. ನನಗೆ ಏನು ಹೇಳ್ಬೇಕೋ ಗೊತ್ತಾಗ್ತಿಲ್ಲ."

ಮೊದಲ ಅನುಮಾನ ಗಂಡನ ಮೇಲೆ. ಹೆಂಡತಿ ಗೆಲ್ಲಲಿ ಎಂದು ಸದ್ದಿಲ್ಲದೆ ಇಂಥದೊಂದು ಕೆಲಸ ಮಾಡುವವನೇ ಆತ. ಅಂಗಡಿಗೆ ಹೋಗಿ ನೇರವಾಗಿ ಕೇಳಿದಳು.

"ನಾನ್ಯಾಕೆ ಹಾಕ್ಲಿ? ಪಂಚಾಯ್ತಿ ಎಲೆಕ್ಷನ್ನಿಗೇ ಹೋಗಿಲ್ಲ ನಾನು" ಎಂದ ಶ್ರೀಧರ್. ಕಾಗದದ ಕಟ್ಟನ್ನು ಮೇಜಿಗೆ ಕುಟ್ಟಿ ಕುಟ್ಟಿ ಸಮ ಮಾಡಿದ. ಆಮೇಲೆ ಅವಳ ಮುಖ ನೋಡದೆ, "ಯಾವ ಕಂಪ್ಯೂಟರಿಂದ ಬರೀತಾರೆ ಅಂತಾನೂ ಗೊತ್ತಾಗುತ್ತಾ ಅದರಲ್ಲಿ?" ಎಂದು ಕೇಳಿದ.

"ಯಾಕೆ?"

"ಸುಮ್ನೆ ಕೇಳ್ದೆ ಕಣೆ."

ಸುಮ್ಮನೆ ಕೇಳುವ ಗಂಡಸಲ್ಲ ಶ್ರೀಧರ್. ಅನುಮಾನ ಇಮ್ಮಡಿಸಿತು. ಆದರೆ ಅವನು ಜೆರಾಕ್ಸ್ ಯಂತ್ರದ ಮುಂದೆ ನಿಂತಿದ್ದಾಗಲೇ ಅವಳ ಫೋನಿನಲ್ಲಿ ಗ್ರೀನ್ ಪ್ಯಾರಟ್ ಹೆಸರಿನ ಪಕ್ಕ ಹಸಿರು ಚುಕ್ಕೆ ಬೆಳಗಿತು. ಕಟ್ಟೆಯಲ್ಲಿ ಯಾರಾದರೂ ಬಂದು ಕುಳಿತರೆ ಬೆಳಗುವ ಚುಕ್ಕೆ ಅದು. ಗಂಡನಲ್ಲ. ಹಾಗಾದರೆ ಮಹಡಿಯ ಬಾಡಿಗೆಯವರು.

ಆಟ ಕೆಟ್ಟವರಿಗೆ ಅವಳು ಹೇಳುತ್ತಿದ್ದ ಉಪಾಯ ಒಂದೇ. ಸೇರಿಸಿದ್ದನ್ನೆಲ್ಲ ತೆಗೆದುಹಾಕಿ. ಆಮೇಲೆ ಒಂದೊಂದನ್ನೇ ಮತ್ತೆ ಸೇರಿಸಿ. ಯಾವುದು ಸೇರಿದಾಗ ಕೆಡುತ್ತದೋ ಅದೇ ಕಳ್ಳ. ಮನೆಗೆ ಬಂದವಳು ಬಾಗಿಲು ಹಾಕಿಕೊಂಡು ವೈಫೈ ಪಾಸ್‌ವರ್ಡ್ ಬದಲಾಯಿಸಿದಳು.

ಮೊದಲು ಇಳಿದು ಬಂದವನು ಆಹಾರದ ಪೊಟ್ಟಣ ಹಂಚುವ ಈರೇಶ್. "ಅಕ್ಕಾರ, ನೆಟ್ ಬರವಲ್ದು."

"ವೈಫೈ ಪೆಟ್ಟಿಗೆ ಕೆಟ್ಟಿತ್ತಪ್ಪ, ರಿಪೇರಿ ಮಾಡಿದೀನಿ. ತಗೋ, ಹೊಸ ಪಾಸ್‌ವರ್ಡ್. ಬೇರೆ ರೂಮಿನವರಿಗೆ ಕೊಡ್ಬೇಡ. ಒಟ್ಟಿಗೇ ಹಾಕಿದ್ರೆ ಮತ್ತೆ ಕೆಡುತ್ತೆ." ಸುಳ್ಳು ಇಷ್ಟು ನುಣ್ಣಗೆ ಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ. ಚುಕ್ಕೆ ಬೆಳಗಲಿಲ್ಲ.

ಸಂಜೆ ಪಕ್ಕದ ರೂಮಿನ ರುಕ್ಮವ್ವ ಮೆಟ್ಟಿಲ ಮೇಲಿಂದಲೇ ಕೂಗಿದಳು. "ನನ್ನ ಧಾರಾವಾಹಿ ಮುಳುಗಿಸಿದ್ರೆಲ್ಲವಾ ತಾಯಿ! ಆಕಿ ಗಂಡ ಸತ್ನೋ ಉಳದ್ನೋ ತಿಳೀಲಾರದ ಊಟ ಹೆಂಗ ಸೇರ್ತೈತಿ?" ಅವಳಿಗೂ ಕೊಟ್ಟಾಯಿತು. ಚುಕ್ಕೆ ಬೂದುಬಣ್ಣದಲ್ಲೇ ಇತ್ತು.

ಉಳಿದದ್ದು ಮಹಡಿಯ ಕೊನೆಯ ರೂಮು. ಕಾರ್ಖಾನೆಯಲ್ಲಿ ದುಡಿಯುವ ಯಮನೂರ, ಅವನ ಹೆಂಡತಿ ಮಹಾನಂದಾ. ಕೊಪ್ಪಳದ ಕಡೆಯವರು. ಯಮನೂರನದು ಮಾತಿಲ್ಲದ ಸ್ವಭಾವ. ಮಹಾನಂದಾ ಗಾರ್ಮೆಂಟ್ಸಿಗೆ ಹೋಗುತ್ತಿದ್ದವಳು ಬಸ್ಸಿಳಿಯುವಾಗ ಬಿದ್ದು ಕಾಲಿಗೆ ಪಟ್ಟಿ ಹಾಕಿಸಿಕೊಂಡಿದ್ದಾಳೆಂದು ಆಶಾರಾಣಿ ಕೇಳಿದ್ದಳಷ್ಟೇ. ಆ ರೂಮಿನಿಂದ ಯಾರೂ ಬರಲಿಲ್ಲ. ಭಾನುವಾರ ಬೆಳಿಗ್ಗೆ ಯಮನೂರ ನೀರಿನ ಕೊಡ ಹೊತ್ತು ಎದುರಾದ. ನೋಡಿಯೂ ನೋಡದಂತೆ ಮೇಲೆ ಹೋದ.

ಎಲ್ಲರೂ ಕೇಳಿದರು, ಇವನೊಬ್ಬ ಕೇಳಲಿಲ್ಲ. ಆಶಾರಾಣಿ ತಾನೇ ಚೀಟಿ ಬರೆದು, ಕೆಲಸಕ್ಕೆ ಹೊರಡುವ ಮೊದಲು ಅವನನ್ನು ಕರೆದು ಕೊಟ್ಟಳು.

"ನಿನ್ನೆ ಎಲ್ಲಾರಿಗೂ ಕೊಟ್ರಂತ" ಎಂದ ಯಮನೂರ. ಚೀಟಿ ಇಸಿದುಕೊಂಡು ಮೇಲೆ ಹೋಗಿ ಕೊಟ್ಟು ಬಂದು, ಚಪ್ಪಲಿ ಮೆಟ್ಟಿ ಹೊರಟುಹೋದ.

ಅವನು ಬೀದಿಯ ತಿರುವು ದಾಟಿದ್ದನೋ ಇಲ್ಲವೋ, ಹಸಿರು ಚುಕ್ಕೆ ಬೆಳಗಿತು.

ಆಶಾರಾಣಿ ಮೆಟ್ಟಿಲು ಹತ್ತಿದಳು. ಏನೆಂದು ಕೇಳಬೇಕು, ಹೇಗೆ ಗದರಬೇಕು ಎಂದು ಒಂದೊಂದು ಮೆಟ್ಟಿಲಿಗೂ ಮಾತು ಜೋಡಿಸಿಕೊಂಡಳು. ಬಾಗಿಲು ಅರ್ಧ ತೆರೆದಿತ್ತು. ಹಾಸಿಗೆಯ ಮೇಲೆ ಗೋಡೆಗೊರಗಿ ಮಹಾನಂದಾ, ಪಟ್ಟಿ ಸುತ್ತಿದ ಕಾಲು ದಿಂಬಿನ ಮೇಲೆ. ಎದುರಿಗೆ ಟ್ರಂಕಿನ ಮೇಲೆ ಒಂದು ಹಳೆಯ ಕಂಪ್ಯೂಟರು. ಅದರ ಬಲಮೂಲೆಯ ಸೀಳು ಆಶಾರಾಣಿಗೆ ಗೊತ್ತು. ಸೈಬರ್ ಸೆಂಟರಿನ ಕಿಟಕಿ ಪಕ್ಕದ ಕಂಪ್ಯೂಟರು ಅದು. ಅವಳು ಮೊದಲ ಊರು ಕಟ್ಟಿದ್ದೂ ಅದರಲ್ಲೇ.

ಮಹಾನಂದಾ ಗಾಬರಿಯಿಂದ ಸೆರಗು ಸರಿಮಾಡಿಕೊಂಡಳು. "ರೂಮ್ ಖಾಲಿ ಮಾಡ್ರಿ ಅಂತ ಹೇಳಾಕ ಬಂದ್ರೇನ್ರಿ ಅಕ್ಕಾರ?"

"ಖಾಲಿನಾ? ಯಾರು ಹೇಳಿದ್ರು?"

"ಎಲ್ಲಾರಿಗೂ ನೆಟ್ ಕೊಟ್ಟು ನಮಗಷ್ಟ ಕೊಡಲಿಲ್ಲ ನೋಡ್ರಿ. ಹಿಂದಿನ ಮನ್ಯಾಗ ಮೊದಲು ನೀರು ಬಂದ್ ಮಾಡಿದ್ರು, ಆಮ್ಯಾಲ ಹೊರಗ ಹಾಕಿದ್ರು. ಇದೂ ಹಂಗ ಅಂತ ನಮ್ಮವರು ನಿನ್ನೆಯಿಂದ ಬ್ಯಾರೆ ರೂಮ್ ಹುಡಕಾಕ ಹತ್ಯಾರ. ಈ ಕಾಲು ಕಟ್ಟಿಕೊಂಡು ನಾ ಎಲ್ಲಿ ಹೋಗ್ಲಿ ಅಂತ..."

ಜೋಡಿಸಿಕೊಂಡು ಬಂದ ಮಾತು ಬಿಟ್ಟು ಆಶಾರಾಣಿ ಟ್ರಂಕಿನ ಕಡೆ ಕೈ ತೋರಿದಳು. "ಈ ಕಂಪ್ಯೂಟರು?" ಎಂದಳು.

"ಶ್ರೀಧರಣ್ಣಾರು ಕೊಟ್ಟಾರ್ರಿ. ಬಿದ್ದಲ್ಲೇ ಬಿದ್ದಿರ್ತಾಳ, ಹೊತ್ತು ಹೋಗ್ಲಿ ಅಂತ. ನಿಮಗ ಈ ಕಂಪ್ಯೂಟರ್ ಮ್ಯಾಲ ಭಾಳ ಜೀವ, ಹೇಳಬ್ಯಾಡ ಅಂದಿದ್ರು." ಮಹಾನಂದಾ ಪರದೆಯ ಕಡೆ ಕೈ ಮಾಡಿದಳು. "ಇದರಾಗ ಒಂದು ಆಟ ಇತ್ರಿ, ಊರು ಕಟ್ಟೂದು. ಅದು ಕೆಟ್ರ ಹೇಳಿಕೊಡಾಕ ಮಂದಿ ಅದಾರ. ಲ್ಯಾಂಟರ್ನ್ ಅಂತ ಒಬ್ಬಾಕಿ, ಗಂಡಸೋ ಹೆಂಗಸೋ, ಯಾವ ದೇಶದಾಕಿನೋ. ಎದ್ದು ನೀರು ಕುಡದು ಬಾ, ಊರು ಎಲ್ಲೂ ಓಡಿಹೋಗೂದಿಲ್ಲ ಅಂದ್ಲು. ಬಿದ್ದಾಗಿಂದ ನನಗ ನೀರು ಕುಡಿ ಅಂದಾಕಿ ಅಕಿ ಒಬ್ಬಾಕೀನ ನೋಡ್ರಿ."

ಆಶಾರಾಣಿ ಕಿಟಕಿಯ ಕಡೆ ನೋಡಿದಳು.

"ನನಗ ಇಂಗ್ಲಿಷ್ ಅಷ್ಟು ಬರೂದಿಲ್ರಿ. ಯಾರರ ಅಳಕೋತ ಬಂದ್ರ, ಅಕಿ ಬರದದ್ದನ್ನ ಹಂಗ ಎತ್ತಿ ಅವರಿಗೆ ಕೊಡ್ತೀನಿ. ಅಕಿ ಎಲೆಕ್ಷನ್ನಿಗೆ ನಿಂತಾಳ ಅಂದ್ರು, ಓಟೂ ಹಾಕಿನ್ರಿ. ತಪ್ಪೇನ್ರಿ ಅಕ್ಕಾರ?"

ಅನುಮಾನಕ್ಕೆ ಉತ್ತರ ಸಿಕ್ಕಿತ್ತು. ಕೆಳಗಿಳಿದು ಹೋಗಿ ಸೌಮ್ಯಳಿಗೆ ಹೇಳಿ, ಉಪಾಯವಾಗಿ ಒಂದು ಫೋಟೋ ಕಳಿಸಿದರೂ ನಡೆಯುತ್ತಿತ್ತು. ಈ ಹುಡುಗಿಗೆ ಏನೂ ತಿಳಿಯಬೇಕಾಗಿರಲಿಲ್ಲ. ಅವಳ ಲ್ಯಾಂಟರ್ನ್ ಯಾವುದೋ ದೂರದೇಶದವಳಾಗಿಯೇ ಉಳಿಯುತ್ತಿದ್ದಳು. ಆಶಾರಾಣಿ ನೆಲದ ಮೇಲೆ ಕುಳಿತಳು.

"ಆ ಲ್ಯಾಂಟರ್ನ್ ನಾನೇ ಕಣಮ್ಮ."

ಮಹಾನಂದಾ ನಕ್ಕಳು. ಹಾಸ್ಯವೆಂದುಕೊಂಡಳು. ಆಶಾರಾಣಿ ತನ್ನ ಫೋನಿನಲ್ಲಿ ಕಟ್ಟೆ ತೆರೆದು ತೋರಿಸಿದ ಮೇಲೆ ಅವಳ ಕಣ್ಣು ದೊಡ್ಡವಾದವು. "ಅಯ್ಯ ನಮ್ಮವ್ವಾ! ಇಷ್ಟ ದಿನ ಕೆಳಗ ಇದ್ರೇನ್ರಿ!" ಎಂದು ಬಾಯಿಗೆ ಕೈ ಅಡ್ಡ ಹಿಡಿದಳು. ಆ ನಗೆ ಇರುವಾಗಲೇ ಮಾತು ನಿಲ್ಲಿಸಿಬಿಡಬೇಕು ಅನ್ನಿಸಿತು ಆಶಾರಾಣಿಗೆ. ಆದರೂ ಉಳಿದದ್ದನ್ನೂ ಹೇಳಿದಳು.

"ಅಂದ್ರ ಪೆಟ್ಟಿಗಿ ಕೆಟ್ಟಿರಲಿಲ್ಲ."

"ಇಲ್ಲ."

"ನಮ್ಮ ಮ್ಯಾಲ ಸಂಶೆ ಇತ್ತು."

"ಎಲ್ಲರ ಮೇಲೂ ಇತ್ತು. ನಿಮ್ಮ ಮೇಲೆ ಸ್ವಲ್ಪ ಜಾಸ್ತಿ ಇತ್ತು."

ಮಹಾನಂದಾ ಬಗ್ಗಿ ಕಾಲ ಕೆಳಗಿನ ದಿಂಬು ಸರಿಮಾಡಿಕೊಂಡಳು. ಆಶಾರಾಣಿ ಸೌಮ್ಯಳಿಗೆ ವಿಡಿಯೋ ಕರೆ ಮಾಡಿದಳು. ಸೌಮ್ಯ ದಪ್ಪ ಕನ್ನಡಕದ ಚಿಕ್ಕ ಹುಡುಗಿ. ಕಂಪ್ಯೂಟರನ್ನು ನೋಡಿದಳು, ಪಟ್ಟಿ ಸುತ್ತಿದ ಕಾಲನ್ನು ನೋಡಿದಳು, ಆದರೂ ಹುಬ್ಬು ಸಡಿಲವಾಗಲಿಲ್ಲ. "ಅಕ್ಕಾ, ಸ್ವಲ್ಪ ಹೊರಗೆ ಹೋಗ್ತೀರಾ? ಅವರೊಬ್ಬರ ಹತ್ರಾನೇ ಮಾತಾಡ್ಬೇಕು. ನೀವು ಹೇಳ್ಕೊಟ್ಟಿದ್ದಲ್ಲ ಅಂತ ಗೊತ್ತಾಗ್ಬೇಕಲ್ಲ."

ಆಶಾರಾಣಿ ಹೊರಗೆ ಬಟ್ಟೆ ಒಣಹಾಕುವ ಹಗ್ಗದ ಕೆಳಗೆ ನಿಂತಳು. ಯಮನೂರನ ಕಾರ್ಖಾನೆಯ ಅಂಗಿ ಮುಖಕ್ಕೆ ತಾಗುತ್ತಿತ್ತು. ಒಳಗೆ ಮಹಾನಂದಾಳ ದನಿ ತಗ್ಗಿ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. 'ಅಕ್ಕಾರ ಹೇಳಿ ಮಾಡಿಸಿದ್ರು' ಎಂದು ಒಂದು ಮಾತು ಸಾಕು, ಇಷ್ಟು ವರ್ಷದ್ದೆಲ್ಲ ಹೋಗುತ್ತದೆ. ಹೇಳಲಿಕ್ಕೆ ಅವಳಿಗೆ ಕಾರಣವೂ ಇದೆ.

ಕರೆದಾಗ ಒಳಗೆ ಹೋದಳು. ಸೌಮ್ಯಳ ಮುಖ ಹಗುರಾಗಿತ್ತು. "ಆಯ್ತು ಅಕ್ಕಾ. ವೈಟೆಕ್‌ಗೆ ನಾನೇ ಹೇಳ್ತೀನಿ, ಎರಡೂ ಖಾತೆ ಇರುತ್ತೆ. ಆದ್ರೆ ಇವರು ಓಟು ವಾಪಸ್ ತಗೊಂಡ್ರು."

ಫೋನು ಹಿಂದಕ್ಕೆ ಕೊಡುತ್ತ ಮಹಾನಂದಾ ಗೋಡೆಯ ಕಡೆ ನೋಡಿದಳು. "ಮನಿ ಒಡತಿಗೆ ಬಾಡಿಗಿಯವರು ಓಟು ಹಾಕಿದ್ರ ಮಂದಿ ಏನಂತಾರ್ರಿ" ಎಂದಳು. ಅದು ತನ್ನ ಮರ್ಯಾದೆ ಉಳಿಸಲು ಹೇಳಿದ್ದೋ, ಚುಚ್ಚಲು ಹೇಳಿದ್ದೋ ಆಶಾರಾಣಿಗೆ ತಿಳಿಯಲಿಲ್ಲ. ತಲೆದೆಸೆಯಲ್ಲಿದ್ದ ಚೊಂಬಿನಿಂದ ಒಂದು ಲೋಟ ನೀರು ಬಗ್ಗಿಸಿ ಮಹಾನಂದಾಳ ಕೈಗೆಟುಕುವಂತೆ ಇಟ್ಟು ಇಳಿದು ಬಂದಳು.

ಮಧ್ಯಾಹ್ನ ಶ್ರೀಧರ್ ಅಂಗಡಿ ಮುಚ್ಚಿ ಬಂದ. ಎಲ್ಲ ಕೇಳಿದ ಮೇಲೆ, "ಕಂಪ್ಯೂಟರ್ ವಿಷಯ ಹೇಳ್ದೇ ಇದ್ದದ್ದು ನನ್ನ ತಪ್ಪು. ಆದ್ರೆ ನೆಟ್ ಕಿತ್ತಿದ್ದು ನೀನು" ಎಂದ. ಅವಳು ಅನ್ನಕ್ಕಿಡಲಿಲ್ಲ.

ಹೊತ್ತು ಇಳಿಯುವಾಗ ಯಮನೂರ ಕೆಲಸದಿಂದ ಬಂದು ಮೇಲೆ ಹೋದದ್ದು ಕೇಳಿಸಿತು. ಮೇಲಿನಿಂದ ಸ್ವಲ್ಪ ಹೊತ್ತು ಗಂಡಹೆಂಡತಿಯ ಮಾತು, ಆಮೇಲೆ ನಿಂತು ನಿಂತು ಏನೋ ಬಡಿಯುವ ಸದ್ದು. ಸಾಮಾನು ಕಟ್ಟುತ್ತಿದ್ದಾರೆ ಎಂದುಕೊಂಡಳು ಆಶಾರಾಣಿ. ತಡೆಯಲು ತನ್ನ ಬಳಿ ಯಾವ ಮಾತಿದೆ ಎಂದು ಹುಡುಕುತ್ತಿದ್ದಾಗ ಮೆಟ್ಟಿಲ ಮೇಲೆ ಹೆಜ್ಜೆಗಳು ಇಳಿದು ಬಂದು ಬಾಗಿಲ ಮುಂದೆ ನಿಂತವು.

ಯಮನೂರ. ಮೊಣಕೈವರೆಗೆ ಜೋಳದ ಹಿಟ್ಟು. ಕೈಯಲ್ಲಿ ತಟ್ಟೆ, ಅದರ ಮೇಲೆ ಬೋರಲು ಹಾಕಿದ ಇನ್ನೊಂದು ತಟ್ಟೆ. ಎರಡರ ಸಂದಿನಿಂದ ರೊಟ್ಟಿಯ ಅಂಚು ಕಾಣುತ್ತಿತ್ತು. ತಟ್ಟೆಯ ತಳ ಸುಡುತ್ತಿತ್ತು. ಅವಳು ಸೆರಗು ಮಡಚಿ ಎರಡೂ ಕೈ ತಟ್ಟೆಯ ಕೆಳಗೆ ಸರಿಯಾಗಿ ಕೊಡುವವರೆಗೆ ಅವನು ಬಿಡದೆ ಹಿಡಿದುಕೊಂಡೇ ನಿಂತಿದ್ದ.