ಕಳಕವ್ವನ ಹುಣ್ಣು, ಸಾಹುಕಾರರ ಫ್ಯಾನು

“ದೂರ ನಿಂದ್ರಲೇ ಭಾಡ್ಯಾ, ಅಕಿ ಮೈಮ್ಯಾಲಿನ ಗಾಳಿ ನನ್ನ ಕಡೆ ಬರಾಕತ್ತೈತಿ.”

ಬೈದವರು ಅಬ್ಬಿಗೇರಿಯ ಪ್ರಭುಲಿಂಗಪ್ಪ ಸಾಹುಕಾರರು. ಬೈಸಿಕೊಂಡವನು ಅವರ ಆಳು ಪರಶಪ್ಪ, ಅಂದರೆ ನಾನು. ಗಾಳಿ ಬಂದದ್ದು ನನ್ನಕ್ಕ ಕಳಕವ್ವನ ಕಡೆಯಿಂದ. ಅವಳ ಮೂಗಿನ ಮೇಲೆ ತಿಂಗಳುಗಟ್ಟಲೆ ಆರದ ಒಂದು ಹುಣ್ಣು. ನೋವಿಲ್ಲ, ತುರಿಕೆಯಿಲ್ಲ, ಬಂದ ಬೀಗರ ಹಾಗೆ ಸುಮ್ಮನೆ ಕುಂತುಬಿಟ್ಟಿತ್ತು.

ಸಾಹುಕಾರರು ಮುಖಕ್ಕೆ ಎರಡು ಟವೆಲ್ ಸುತ್ತಿಕೊಂಡೇ ಓಡಾಡುತ್ತಿದ್ದರು. ಅವರ ಹೊಸ್ತಿಲನ್ನು ನಾವು ಎಂದೂ ದಾಟಿದವರಲ್ಲ. ಈಗ ರೊಟ್ಟಿಯನ್ನೂ ಬಿದಿರುಗಳದ ತುದಿಗೆ ಕಟ್ಟಿ ಚಾಚತೊಡಗಿದರು. ಒಮ್ಮೆ ಅದನ್ನು ಕಾಗೆ ಕಚ್ಚಿಕೊಂಡು ನೆಟ್ಟಗೆ ಅವರ ಮನೆಯೊಳಗೇ ಹೋಯಿತು. ಯಾರೂ ಏನೂ ಅನ್ನಲಿಲ್ಲ. ಕಾಗೆ ನಮಗಿಂತ ಮೇಲಿನ ಕುಲದ್ದು ನೋಡಿ.

ಗುಡಿಯ ಐನಾರು ಬಂದು ಇದು ದೇವಿಯ ಸಿಟ್ಟು ಎಂದರು. ದೂರದಿಂದಲೇ ತೀರ್ಥ ಎರಚಿದರು. ಅಕ್ಕನ ಮೇಲೆ ಒಂದು ಹನಿಯೂ ಬೀಳಲಿಲ್ಲ, ಸಾಹುಕಾರರು ತೊಯ್ದು ತೊಪ್ಪೆಯಾದರು.

ನಾನು ಅಕ್ಕನನ್ನು ರೋಣದ ದವಾಖಾನೆಗೆ ಕರೆದೊಯ್ದೆ. ಡಾಕ್ಟರ್ ಆಸಿಫಾ ಬಾಯಿಯವರು ಹುಣ್ಣನ್ನು ಕೆರೆದು ಪರೀಕ್ಷೆಗೆ ಕಳಿಸಿ, ಆಮೇಲೆ ಲೀಶ್ಮೇನಿಯಾಸಿಸ್ ಎಂದರು. ಈ ಕಡೆ ಅಪರೂಪವಂತೆ. ಸೊಳ್ಳೆಗಿಂತ ಸಣ್ಣದಾದ ಮರಳು ನೊಣ ಕಚ್ಚಿ ಬರುವ ರೋಗ. ಆ ನೊಣ ಹಗಲೆಲ್ಲ ಮಣ್ಣಿನ ಗೋಡೆಯ ಬಿರುಕಿನಲ್ಲಿ, ದನದ ಕೊಟ್ಟಿಗೆಯಲ್ಲಿ ಅಡಗಿದ್ದು ಸಂಜೆಗೆ ಹೊರಬೀಳುತ್ತದೆ. ಮುಟ್ಟಿದರೆ ರೋಗ ಅಂಟುವುದಿಲ್ಲ. ಗಾಳಿ ಜೋರಾದರೆ ನೊಣಕ್ಕೆ ಹಾರಲಾಗದು. ಬಿರುಕು ಮುಚ್ಚಿಸಿ, ಫ್ಯಾನ್ ಹಾಕಿಕೊಂಡು ಮಲಗಿ ಎಂದು ಹೇಳಿ ಸೂಜಿಮದ್ದು ಶುರುಮಾಡಿದರು.

ಫ್ಯಾನಂತೆ! ನಾವಿರುವುದು ಸಾಹುಕಾರರ ಕೊಟ್ಟಿಗೆಗೆ ಅಂಟಿಕೊಂಡ ಖೋಲಿಯಲ್ಲಿ. ಅಲ್ಲಿ ಕರೆಂಟಿಲ್ಲ. ಗೋಡೆಯ ಬಿರುಕಿನಲ್ಲಿ ಬೆರಳಲ್ಲ, ಮೊಣಕೈಯೇ ಹೋಗುತ್ತದೆ. ಮೆತ್ತಲು ಒಂದು ಬಂಡಿ ಮಣ್ಣಾದರೂ ಕೊಡಿಸಿ ಎಂದು ಅಕ್ಕ ಸಾಹುಕಾರರನ್ನು ಕೇಳಿಕೊಂಡಳು.

“ಗ್ವಾಡಿ ನಮ್ಮಜ್ಜ ಕಟ್ಟಿಸಿದ್ದು, ಅದಕ್ಕೇನ್ ಧಾಡಿ ಆಗೈತಿ? ರೋಗ ಇರೂದು ನಿನ್ನ ಮೂಗಿನ್ಯಾಗ. ಹೊತ್ತು ಮುಣುಗೂದ್ರಾಗ ಖೋಲಿ ಖಾಲಿ ಮಾಡು.”

ನಮಗೆ ಇನ್ನೊಂದು ಗೂಡಿಲ್ಲ. ನನಗೆ ಅಳು ಬಂತು. ಅಕ್ಕ ಮಾತ್ರ ಕೌದಿ ಮಡಚಿದಳು. ಹೊತ್ತು ಮುಳುಗುವ ಹೊತ್ತಿಗೆ ಖೋಲಿ ಖಾಲಿ ಮಾಡಿ, ಅಂಗಳ ದಾಟಿ, ಸಾಹುಕಾರರ ಹೊಸ್ತಿಲನ್ನೂ ದಾಟಿ, ಪಡಸಾಲೆಯ ಫ್ಯಾನಿನ ಕೆಳಗೆ ಕೌದಿ ಹಾಸಿ ಅಡ್ಡಾದಳು. ನಾನೂ ಹಿಂದೆಯೇ ಹೋದೆ.

ಸಾಹುಕಾರರು ನಮ್ಮ ಕುಲಗೋತ್ರವನ್ನೆಲ್ಲ ಎತ್ತಿ ಬೈದರು. ಇವರನ್ನು ಎಳೆದು ಬಿಸಾಕು ಎಂದು ಮೇಸ್ತ್ರಿ ಬಸ್ಯಾನಿಗೆ ಹೇಳಿದರು. ಬಸ್ಯಾ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಮುಟ್ಟಬಾರದೆಂದು ಊರಿಗೆಲ್ಲ ಸಾರಿದವರು ತಾವೇ ಅಲ್ಲವೇ ಎಂದ. ಕೊನೆಗೆ ಸಾಹುಕಾರರೇ ಕೈ ಚಾಚಿದರು. ಅಕ್ಕ ಮೂಗನ್ನು ತುಸು ಮೇಲೆತ್ತಿದಳು. ಕೈ ಹಿಂದೆ ಹೋಯಿತು.

“ಮುಟ್ಟಿದ್ರ ಬರಂಗಿಲ್ಲ, ನಿಮ್ಮ ಗ್ವಾಡಿಯಿಂದ ಬಂದೈತಿ ಅಂತ ಡಾಕ್ಟರ್ ಬಾಯಾರು ಅಂದಾರ್ರೀ ಸಾವ್ಕಾರ್ರ,” ಎಂದಳು ಅಕ್ಕ. “ನೀವು ನಂಬವಲ್ರಿ. ನಂಬಿದ್ರ ಬರ್ರಿ, ಎಳೀರಿ.”

ಸಾಹುಕಾರರು ನಂಬಲಿಲ್ಲ. ನಾವು ಮಲಗಿದ ಮನೆಯಲ್ಲಿ ತಾವು ಮಲಗುವುದಿಲ್ಲವೆಂದು ಮಂಚವನ್ನು ಹೊರಗೆ ಹಾಕಿಸಿದರು, ಕೊಟ್ಟಿಗೆಯ ಮುಂದೆಯೇ.

ಅಕ್ಕ ನನಗೆ ಫ್ಯಾನನ್ನು ಇನ್ನಷ್ಟು ಜೋರು ಮಾಡಲು ಹೇಳಿದಳು. ಅದರ ಸದ್ದಿನ ನಡುವೆಯೂ ಸಾಹುಕಾರರು ಹೊರಗೆ ತಮ್ಮ ಕಾಲಿಗೆ ತಾವೇ ಹೊಡೆದುಕೊಳ್ಳುವುದು ಕೇಳಿಸುತ್ತಿತ್ತು.