ಪಕ್ಷವಿಲ್ಲದ ಮೊಣಕಾಲು

ಎದುರು ಬಂದವರ ಮುಖಕ್ಕಿಂತ ಮೊದಲು ಅಮರೇಶ್ವರನಿಗೆ ಕಾಣುವುದು ಅವರ ಮೊಣಕಾಲು. ಕನ್ನಡ ಕೂಟದ ಯುಗಾದಿ ಸಮಾರಂಭದಲ್ಲಿ ಪೇಟ ಧರಿಸಿದ ಅಧ್ಯಕ್ಷರು ಗತ್ತಿನಿಂದ ಕೈ ಚಾಚಿ ಬಂದರೆ, ಈತ ಆ ಕೈ ಹಿಡಿದುಕೊಂಡೇ ಕಣ್ಣು ಕೆಳಗಿಳಿಸಿ, "ಹಂಗಲ್ರೀ, ಎಡಗಾಲಿನ ಮ್ಯಾಲ ಭಾರಾನ ಹಾಕವಲ್ರಲ್ಲ, ಯಾಕ?" ಎಂದು ಕೇಳಿ, ಅವರ ಭಾಷಣದ ಉತ್ಸಾಹವನ್ನೆಲ್ಲ ಅಲ್ಲೇ ಇಳಿಸಿಬಿಡುತ್ತಾನೆ. ಯಾರೂ ಏನೂ ಹೇಳದಿದ್ದಾಗಲೂ "ಹಂಗಲ್ರೀ" ಎಂದೇ ಮಾತು ತೆಗೆಯುವುದು ಅವನ ಅಭ್ಯಾಸ.

ಲಿಂಗಸುಗೂರಿನಿಂದ ಬಂದ ಈ ಫಿಸಿಯೋಥೆರಪಿಸ್ಟ್ ಅಮೆರಿಕದ ಎಡಿಸನ್ನಿನಲ್ಲಿ ನನ್ನ ನೆರೆಯವನು. ಹತ್ತಿರದ ಒಂದು ವೃತ್ತಿಪರ ಬಾಸ್ಕೆಟ್‌ಬಾಲ್ ತಂಡದಲ್ಲಿ ಆಟಗಾರರ ಕಾಲು ಕಾಯುವ ಕೆಲಸದಲ್ಲಿದ್ದ. ತಂಡ ಕೊಟ್ಟ ಜಾಕೆಟ್ಟಿನ ಲಾಂಛನ ಕಾಣದಿರಲೆಂದು ಅದನ್ನು ಒಳಮಗ್ಗುಲು ಹೊರಗೆ ಮಾಡಿ ತೊಡುತ್ತಿದ್ದ. ಹಾಗೆ ತೊಟ್ಟದ್ದರಿಂದಲೇ ಜನ ಅವನನ್ನು ಇನ್ನೂ ಬೇಗ ಗುರುತಿಸುತ್ತಿದ್ದರೆಂಬುದು ಪಾಪ, ಅವನಿಗೆ ಹೊಳೆಯಲೇ ಇಲ್ಲ. "ಅಮರೇಶ್, ಟೆರೆಲ್ ಬೇರೆ ತಂಡಕ್ಕೆ ಟ್ರೇಡ್ ಆಗ್ತಾನಂತೆ, ನಿಜಾನಾ? ಇನ್‌ಸೈಡ್ ನ್ಯೂಸ್ ಹೇಳಿ" ಎಂದು ದಿನಸಿ ಅಂಗಡಿಯಲ್ಲಿ ಗೆಳೆಯ ಶಶಿಧರ ದುಂಬಾಲು ಬಿದ್ದರೆ, "ಹಂಗಲ್ರೀ, ಆ ಬದನಿಕಾಯಾಗ ಹುಳ ಅದಾವ, ನೋಡಿ ತಗೋರಿ" ಎಂಬುದಷ್ಟೇ ಉತ್ತರ.

ಟೆರೆಲ್ ಆ ತಂಡದ ತಾರೆ. ನೋವಿದೆಯೆಂದರೂ ಕೇಳದೆ ತಂಡದವರು ತನ್ನನ್ನು ಆಡಿಸಿದರು, ಅದರಿಂದಲೇ ಎಡ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಯಿತು ಎಂಬ ಮುನಿಸು ಅವನಿಗಿತ್ತು. ಬೇರೆ ತಂಡಕ್ಕೆ ಕಳಿಸಿ ಎಂದು ಹಟ ಹಿಡಿದಿದ್ದ. ಆ ತಂಡದಲ್ಲಿ ಅವನು ಕಾಲು ಮುಟ್ಟಗೊಡುತ್ತಿದ್ದುದು ಅಮರೇಶ್ವರನಿಗೊಬ್ಬನಿಗೆ. ಅಷ್ಟರಲ್ಲಿ ಬೇಸಿಗೆ ಬಂತು, ಮಾಲೀಕರಿಗೂ ಆಟಗಾರರ ಸಂಘಕ್ಕೂ ಮಾತುಕತೆ ಮುರಿಯಿತು, ಮಾಲೀಕರು ಲಾಕೌಟ್ ಘೋಷಿಸಿದರು. ವ್ಯಾಯಾಮಶಾಲೆಗಳಿಗೆ ಬೀಗ ಬಿತ್ತು. ನೌಕರರಾರೂ ಆಟಗಾರರೊಡನೆ ಮಾತಾಡಕೂಡದು, ಫೋನನ್ನೂ ಮಾಡಕೂಡದು, ಮಾಡಿದರೆ ಕೆಲಸ ಹೋದಂತೆಯೇ ಎಂಬ ಕಟ್ಟಪ್ಪಣೆಯಾಯಿತು. ಅರ್ಧ ಮಾಯ್ದ ಒಂದು ಮೊಣಕಾಲು ಯಾರ ಸುಪರ್ದಿಗೂ ಸೇರದೆ ಬೀದಿಗೆ ಬಿತ್ತು.

ಪಕ್ಕದೂರು ಪಿಸ್ಕಾಟವೇಯ ಪಾರ್ಕೊಂದರ ಕಾಂಕ್ರೀಟ್ ಅಂಗಳದಲ್ಲಿ ಟೆರೆಲ್ ಹಾರಿ ಹಾರಿ ಆಡುತ್ತಿರುವ ವಿಡಿಯೋ ನಮ್ಮ ವಾಟ್ಸಾಪ್ ಗುಂಪಿಗೂ ಬಂತು. ನಾವೆಲ್ಲ ಹೆಬ್ಬೆರಳು ಒತ್ತಿ ಸಂಭ್ರಮಿಸಿದೆವು. ಅಮರೇಶ್ವರ ಅದನ್ನು ಮತ್ತೆ ಮತ್ತೆ ನೋಡಿ ಊಟದ ತಟ್ಟೆ ದೂರ ಸರಿಸಿದ. "ಬರೇ ಬಲಗಾಲಿನ ಮ್ಯಾಲ ಇಳಿಯಾಕತ್ಯಾನ. ಹಿಂಗ ಆಡಿದ್ರ ಕಾಲು ಮುಗೀತು."

"ಹೋಗಬ್ಯಾಡ್ರಿ. ನೌಕರಿ ಹೋದ್ರ ಮನಿ ಹ್ಯಾಂಗ ನಡೀತೈತಿ?" ಎಂದಳು ಹೆಂಡತಿ ಕೀರ್ತಿ.

ಹೋದ. ಪಾರ್ಕಿಗೆ ಡ್ರೈವ್ ಮಾಡಿದವನು ನಾನು. ಅವನನ್ನು ಕಂಡ ಟೆರೆಲ್ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು, ಇಂಗ್ಲಿಷಿನಲ್ಲಿ, ನಗದೆ ಕೇಳಿದ: "ನನ್ನನ್ನು ಮಾರೋದಕ್ಕೆ ಮುಂಚೆ ಕಾಲು ನೋಡ್ಕೊಂಡು ಬಾ ಅಂತ ಆಫೀಸಿನವರು ಕಳಿಸಿದರಾ?" ಅಮರೇಶ್ವರ ಬೆಂಚು ತೋರಿಸಿ, ತಾನು ಆ ಸುಡುವ ಕಾಂಕ್ರೀಟಿನ ಮೇಲೆ ಮಂಡಿಯೂರಿ ಕೂತ. ಬಹಳ ಹೊತ್ತಿನ ಮೇಲೆ ಆ ದೈತ್ಯದೇಹ ಬೆಂಚಿನ ಮೇಲೆ ಕುಸಿದು ಕಾಲು ಚಾಚಿತು. ಇಷ್ಟು ದಿನ ಹಾರಬೇಡ, ಇಂಥ ವ್ಯಾಯಾಮ ಮಾಡು ಎಂದು ವಿವರಿಸಿ, ಮಾಡಿ ತೋರಿಸಿ ಅಮರೇಶ್ವರ ಎದ್ದು ಬಂದ. ಟೆರೆಲ್ ಮತ್ತೆ ಚೆಂಡನ್ನು ಕೈಗೆತ್ತಿಕೊಂಡ.

ಮರುದಿನ ಬೆಳಿಗ್ಗೆ ಅಮರೇಶ್ವರ ತಾನೇ ಆಫೀಸಿಗೆ ಫೋನ್ ಮಾಡಿ, ಹೋಗಿದ್ದೆ, ಮಾತಾಡಿದೆ ಎಂದು ಒಪ್ಪಿಸಿಬಿಟ್ಟ. ಕೀರ್ತಿ ಅತ್ತಳು, ಬೈದಳು. "ಯಾರು ನೋಡಿದ್ರು ನಿಮ್ಮನ್ನ? ಸುಮ್ನ ಇದ್ರ ಏನ್ ಹೋಗ್ತಿತ್ತು?"

"ಹಂಗಲ್ಲ, ಕೇಳು. ನಾ ಸುಮ್ನಿದ್ದು ನೌಕರಿ ಉಳಿಸ್ಕೊಂಡ್ರ, ಆಫೀಸಿನವ್ರ ಕಳಿಸಿದ್ರು ಅಂತ ಅಂವಗ ಖಾತ್ರಿ ಆಗ್ತೈತಿ. ಆಮ್ಯಾಲ ನಾ ಹೇಳಿದ್ದು ಒಂದೂ ಮಾಡಂಗಿಲ್ಲ."

ವಾರದೊಳಗೆ ಅವನನ್ನು ಕೆಲಸದಿಂದ ತೆಗೆದರು. ಆ ಸುದ್ದಿ ಪತ್ರಿಕೆಯ ಮೂಲೆಯೊಂದರಲ್ಲಿ ಬಂತು. ಟೆರೆಲ್ ಪಾರ್ಕಿಗೆ ಬರುವುದನ್ನು ನಿಲ್ಲಿಸಿದ್ದಾನೆಂದು ಅಲ್ಲಿನ ಹುಡುಗರು ಹೇಳಿದಾಗ ಅಮರೇಶ್ವರನ ಮುಖದಲ್ಲಿ ಕಂಡ ಸಮಾಧಾನವನ್ನು ಸಂಬಳ ಬಂದ ದಿನವೂ ನಾನು ಕಂಡಿರಲಿಲ್ಲ. ಶರತ್ಕಾಲದಲ್ಲಿ ಒಪ್ಪಂದವಾಯಿತು, ಎರಡೂ ಬಣದವರು ಕೈಕುಲುಕಿದರು. ಟೆರೆಲ್ ಬಯಸಿದಂತೆ ಪಶ್ಚಿಮ ತೀರದ ತಂಡ ಸೇರಿದ. ಅಮರೇಶ್ವರನನ್ನು ಮಾತ್ರ ಯಾರೂ ಮರಳಿ ಕರೆಯಲಿಲ್ಲ. ಈಗ ಅವನು ಚಿಕ್ಕ ಕ್ಲಿನಿಕ್ಕೊಂದರಲ್ಲಿ ಆಂಟಿಯರ ಕಾಲು ಮಡಿಸಿ ಬಿಡಿಸುತ್ತಾನೆ. ಟೆರೆಲ್ ಒಂದು ಫೋನೂ ಮಾಡಿಲ್ಲ. ನನಗೆ ಅದರ ಸಿಟ್ಟು ಇದೆ, ಅವನಿಗಿಲ್ಲ.

ಮೊನ್ನೆ ಟಿವಿಯಲ್ಲಿ ಟೆರೆಲ್ ಆಡುತ್ತಿದ್ದ. ಅವನು ಮೇಲೆ ಹಾರಿ ಎರಡೂ ಕಾಲಿನ ಮೇಲೆ ಸಮನಾಗಿ ಇಳಿದದ್ದನ್ನು ನೋಡಿ, ಅಮರೇಶ್ವರ ಎದ್ದು ಪಾತ್ರೆ ತೊಳೆಯಲು ಹೋದ. ಯಾರು ಗೆದ್ದರೆಂದು ಅವನಿಗೆ ಈಗಲೂ ಗೊತ್ತಿಲ್ಲ.

ದೊಡ್ಡವರ ಹಣಾಹಣಿಯ ನಡುವೆ ಇಂಥವರು ಎಲ್ಲ ಕಾಲಕ್ಕೂ ಇರುತ್ತಾರೆ. ಇಬ್ಬರ ಸಂಶಯಕ್ಕೂ ಗುರಿಯಾಗಿ, ಸಂಧಾನದ ದಿನ ಇಬ್ಬರ ನೆನಪಿಗೂ ಬಾರದೆ ಉಳಿದುಬಿಡುತ್ತಾರೆ. ಅವರನ್ನು ತ್ಯಾಗಿಗಳೆಂದು ಹಾಡಿ ಹೊಗಳಿದರೆ ಅವರಿಗೇ ಮುಜುಗರ. ತಾವು ಮಾಡಿದ ಕೆಲಸ ನೆಟ್ಟಗಾಯಿತೇ ಎಂದು ಒಮ್ಮೆ ಕಣ್ಣಾರೆ ನೋಡಿದರೆ ಅವರಿಗೆ ಸಾಕು. ಆ ನೆಟ್ಟಗಾದ ಕಾಲಿನ ಮೇಲೆ ಲೋಕ ಅವರನ್ನು ದಾಟಿಕೊಂಡು ಮುಂದೆ ಓಡುತ್ತದೆ.