ತುಂಗಾಬಾಯಿಯ ಸಪ್ತಮಿ

ನಾನೊಂದು ಲ್ಯಾಪ್‌ಟಾಪ್. ದೂರದೇಶದ ಕಾರ್ಖಾನೆಯೊಂದರಲ್ಲಿ ಹುಟ್ಟಿದೆ. ಹೆತ್ತವರ ನೆನಪಿಲ್ಲ, ಬೆನ್ನಿಗೆ ಅಂಟಿಸಿದ ಅಂಕಿಗಳ ಚೀಟಿಯೇ ನನ್ನ ಜಾತಕ. ಐದು ವರ್ಷ ಹುಬ್ಬಳ್ಳಿಯ ಕಚೇರಿಯೊಂದರಲ್ಲಿ ಪತ್ರ ಬರೆಸಿಕೊಂಡೆ. ಬ್ಯಾಟರಿ ಸೋತ ಮೇಲೆ ರಿಪೇರಿ ಅಂಗಡಿಯ ಕಪಾಟು ಸೇರಿದೆ. ಅಲ್ಲಿಂದ ನನ್ನನ್ನು ಮನೆಗೆ ತಂದವಳು ಧಾರವಾಡದ ವೈಜಯಂತಿ, ಕಂಪ್ಯೂಟರ್ ಡಿಪ್ಲೊಮಾ ಓದುತ್ತಿದ್ದ ಹುಡುಗಿ.

ಹೊಸ್ತಿಲಲ್ಲೇ ಅವಳ ಅಜ್ಜಿ ತುಂಗಾಬಾಯಿ ತಡೆದರು. “ಯಾರ ಮನ್ಯಾಗ ಇತ್ತೋ ಏನೋ, ಇನ್ನ ನಮ್ಮನೀದು” ಎಂದು ನನ್ನ ಮುಚ್ಚಳಕ್ಕೆ ಕುಂಕುಮ ಹಚ್ಚಿದರು. ಆರು ತಿಂಗಳಲ್ಲಿ ಅವರು ತೀರಿಕೊಂಡರು. ಅಂದು ಕಾರ್ತಿಕ ಬಹುಳ ಸಪ್ತಮಿ.

ಪ್ರತಿ ಯುಗಾದಿಗೆ ಪೇಟೆಯಿಂದ ಪಂಚಾಂಗ ತರುತ್ತಿದ್ದವರು ಅವರೇ. ಮರುವರ್ಷ ತರುವವರಿಲ್ಲದೆ ಅದು ಮನೆಗೆ ಬರಲೇ ಇಲ್ಲ. ವರ್ಷದ ಶ್ರಾದ್ಧ ಸಮೀಪಿಸಿದಾಗ ವೈಜಯಂತಿಯ ತಂದೆ ಪ್ರಹ್ಲಾದರಾಯರು ಮೊಬೈಲಿನ ಪಂಚಾಂಗ ತೆರೆದು ಸಪ್ತಮಿ ಗುರುವಾರವೆಂದರು. ಬಂಧುಗಳಿಗೂ ಹಾಗೆಯೇ ತಿಳಿಸಿದರು.

ಅಜ್ಜ ವೆಂಕಣ್ಣ ಮಾಸ್ತರು ಗಳಿಗೆಗಳನ್ನು ಕೇಳಿ ತಿಳಿದುಕೊಂಡರು. ಸಪ್ತಮಿ ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಶುರುವಾಗಿ ಗುರುವಾರ ಬೆಳಿಗ್ಗೆ ಹತ್ತಕ್ಕೆ ಮುಗಿಯುತ್ತಿತ್ತು.

“ಗುರುವಾರ ಅಲ್ಲೋ, ಬುಧವಾರ. ಶ್ರಾದ್ಧಕ್ಕ ಅಪರಾಹ್ಣದಾಗ ತಿಥಿ ಇರಬೇಕು. ಗುರುವಾರ ಮಧ್ಯಾಹ್ನ ಎಲಿ ಹಾಕೋದ್ರಾಗ ಅಷ್ಟಮಿ ಬಂದಿರ್ತದ.”

“ಅಪ್ಪಾ, ಶ್ರಾದ್ಧ ಮಾಡಸೋ ಆಚಾರ್ಯರ ಮೊಬೈಲಿನ್ಯಾಗೂ ಗುರುವಾರನ ಅದ. ಇಷ್ಟೂ ಮಂದಿ ತಪ್ಪು, ನೀವೊಬ್ರ ಖರೇನು?”

ಮಾಸ್ತರು ಜಪಮಾಲೆ ಹಿಡಿದು ಗೋಡೆಯ ಕಡೆ ತಿರುಗಿದರು. “ನಿಮ್ಮವ್ವ ಎಲ್ಲಾರಿಗೂ ಉಣ್ಣಾಕ ಹಾಕಿ ಕಡೀಕ ಕೂಡಾಕಿ. ಬುಧವಾರ ಬಂದು, ಎಲಿ ಕಾಣದ, ಹಸದು ಹೋಗ್ತಾಳ” ಎಂದಷ್ಟೇ ಹೇಳಿದರು. ವೈಜಯಂತಿ ಅದನ್ನು ಕೇಳಿಸಿಕೊಂಡು ನನ್ನ ಮುಚ್ಚಳ ತೆರೆದಳು.

ಎರಡು ಮೊಬೈಲುಗಳಲ್ಲಿದ್ದದ್ದೂ ‘ತಿಥಿದರ್ಶಿ’ ಎಂಬ ಒಂದೇ ತಂತ್ರಾಂಶ. ಅದು ಯಾರ ಸ್ವತ್ತೂ ಅಲ್ಲ. ಅದರ ಒಳಗಿನ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಿ ಕಳಿಸಬಹುದು. ನೋಡಿಕೊಳ್ಳುವವರು ಪರೀಕ್ಷಿಸಿ ಒಪ್ಪಿದರೆ ಎಲ್ಲರ ಮೊಬೈಲಿಗೂ ತಲುಪುತ್ತದೆ. ವೈಜಯಂತಿ ಎರಡು ದಿನ ಓದಿ ತಪ್ಪಿನ ಜಾಗ ಹುಡುಕಿದಳು. ಎಲ್ಲ ತಿಥಿಗೂ ಅದು ಸೂರ್ಯೋದಯವನ್ನೇ ನೋಡುತ್ತಿತ್ತು. ಅವಳು ಎಲ್ಲ ಕಡೆಯೂ ಸೂರ್ಯೋದಯ ಅಳಿಸಿ ಅಪರಾಹ್ಣವೆಂದು ಬರೆದು ಕಳಿಸಿದಳು. ಮೊದಲ ಸಲದ ಕೆಲಸ.

ಮರುದಿನ ಉತ್ತರ ಬಂತು. ನೋಡಿಕೊಳ್ಳುವವರು ಕುಮಟೆಯ ನಾಗವೇಣಿ ಪ್ರಭು ಎಂಬವರು. “ಶ್ರಾದ್ಧ ಸರಿಯಾಯಿತು, ಏಕಾದಶಿ ಕೆಟ್ಟಿತು. ಇದನ್ನು ಸೇರಿಸಲಾರೆ.”

ವೈಜಯಂತಿ ಅಳುಮುಖ ಮಾಡಿ ಅಜ್ಜನಿಗೆ ಓದಿ ಹೇಳಿದಳು. ಮಾಸ್ತರು ಒಂದು ಗಳಿಗೆ ಯೋಚಿಸಿ ನಕ್ಕರು. ಆ ವರ್ಷ ಅವರ ನಗೆ ನಾನು ಕೇಳಿದ್ದು ಅದೇ ಮೊದಲು.

“ಏ ವೈಜೂ, ದಶಮಿ ದಿನಾನ ಊರ ಮಂದೀನ ಉಪಾಸ ಕೂಡಿಸಿದೆಲ್ಲವಾ! ಏಕಾದಶಿ ದಿನಾನ ಎಲ್ಲಾರೂ ಪಾರಣಿ ಅಂತ ಹೋಳಿಗಿ ಹೊಡೀತಾರ.”

“ನಗಬ್ಯಾಡ್ರಿ ಅಜ್ಜಾ. ಏನು ಮಾಡ್ಲಿ ಹೇಳ್ರಿ.”

“ಉಪಾಸಕ್ಕ ಸೂರ್ಯೋದಯ ಇರಲಿ. ಶ್ರಾದ್ಧಕ್ಕ ಮಾತ್ರ ಬ್ಯಾರೆ ಲೆಕ್ಕ ಬರಿ.”

ಅವಳು ಹಾಗೆಯೇ ಬರೆದಳು. ಈ ಸಲ ನಾಗವೇಣಿಯವರು ಮತ್ತೊಂದು ಮಾತು ಕೇಳಿದರು: ಹೊಸ ಲೆಕ್ಕ ಸರಿಯೆನ್ನಲು, ಹಿಂದೆ ನಿಜವಾಗಿ ಶ್ರಾದ್ಧ ನಡೆದ ದಿನಗಳು ಬೇಕು. ಶ್ರಾದ್ಧಕ್ಕೆ ಆರೇ ದಿನ ಉಳಿದಿತ್ತು.

ಮಾಸ್ತರು ಹೆಂಡತಿಯ ಟ್ರಂಕು ತೆಗೆಸಿದರು. ಸೀರೆಗಳ ಕೆಳಗೆ ಮೂವತ್ತೊಂದು ವರ್ಷದ ಪಂಚಾಂಗಗಳಿದ್ದವು. ತುಂಗಾಬಾಯಿ ಪ್ರತಿ ಪಂಚಾಂಗದಲ್ಲೂ ಅತ್ತೆಯ ಮತ್ತು ಮಾವನ ಶ್ರಾದ್ಧದ ದಿನಕ್ಕೆ ಒಂದೊಂದು ಕುಂಕುಮದ ಬೊಟ್ಟು ಇಟ್ಟಿದ್ದರು. ಅಜ್ಜ ಪುಟ ತಿರುವಿದರು, ಮೊಮ್ಮಗಳು ತಾರೀಕು ಓದಿ ನನ್ನೊಳಗೆ ಬರೆದಳು. ಹೊಸ ಲೆಕ್ಕದೊಂದಿಗೆ ತಾಳೆ ನೋಡಿದಾಗ ಎಲ್ಲವೂ ಕೂಡಿದವು. ಒಂದು ಮಾತ್ರ ಕೂಡಲಿಲ್ಲ.

ಮಾಸ್ತರು ಆ ಪುಟವನ್ನು ಕಣ್ಣಿಗೆ ಹತ್ತಿರ ಹಿಡಿದರು. “ಆ ವರ್ಷ ಅಕಿಗೆ ಜ್ವರ. ಬೊಟ್ಟು ಒಂದು ಸಾಲು ಕೆಳಗ ಬಿದ್ದದ. ಶ್ರಾದ್ಧ ನಾವು ಬರೋಬ್ಬರಿ ದಿನಾನ ಮಾಡೇವಿ.” ಪುಟ ಮುಚ್ಚುತ್ತ, “ಪುಸ್ತಕದಾಗ ತಿದ್ದಬ್ಯಾಡ. ಅಕೀ ಬೊಟ್ಟು ಹಾಂಗ ಇರಲಿ” ಎಂದರು. ವೈಜಯಂತಿ ಆ ಒಂದು ದಿನವನ್ನು ಬಿಟ್ಟು ಉಳಿದದ್ದನ್ನು ಕಳಿಸಿದಳು.

ಭಾನುವಾರ ಒಪ್ಪಿಗೆ ಬಂತು. ಸೋಮವಾರ ಪ್ರಹ್ಲಾದರಾಯರು ಮೊಬೈಲು ನೋಡಿ ತಂದೆಯ ಪಕ್ಕ ಕೂತರು. ಆಮೇಲೆ ಎದ್ದು ಬಂಧುಗಳಿಗೆಲ್ಲ ಮತ್ತೆ ಫೋನು ಮಾಡಿದರು. ಅಷ್ಟರಲ್ಲಿ ಆಚಾರ್ಯರೇ ಬಂದರು. “ಮಾಸ್ತರ, ರಾತ್ರಿ ಬೆಳಗಾಗೋದ್ರಾಗ ನನ್ನ ಮೊಬೈಲಿನ್ಯಾಗ ಗುರುವಾರ ಹೋಗಿ ಬುಧವಾರ ಆಗೇದಲ್ರಿ!”

“ನಮ್ಮ ವೈಜೂನ ಕೇಳ್ರಿ” ಎಂದರು ಮಾಸ್ತರು.

ಬುಧವಾರ ಅಪರಾಹ್ಣ ಪಿಂಡಪ್ರದಾನ ಆಯಿತು. ನಾನು ಒಳಕೋಣೆಯಲ್ಲಿದ್ದೆ, ಮಡಿಯ ಜಾಗಕ್ಕೆ ನನಗೆ ಪ್ರವೇಶವಿಲ್ಲ. ಮಂತ್ರ ಮಾತ್ರ ಕೇಳಿಸಿತು.

ಈಗ ನನ್ನ ಕೀಲು ಮುರಿದಿದೆ, ಪರದೆ ಕಪ್ಪಾಗಿದೆ. ವೈಜಯಂತಿ ನನ್ನನ್ನು ಗುಜರಿಗೆ ಕೊಡದೆ, ಅದೇ ಟ್ರಂಕಿನಲ್ಲಿ ಪಂಚಾಂಗಗಳ ಪಕ್ಕ ಮಲಗಿಸಿದ್ದಾಳೆ. ಅವಕ್ಕೂ ಬೊಟ್ಟಿದೆ, ನನಗೂ ಇದೆ. ನನ್ನಂಥ ದೇಹಗಳು ಹೋಗುವುದು ಹರಿಚಿತ್ತ, ದುಃಖವಿಲ್ಲ. ನನ್ನಲ್ಲಿ ಬರೆದ ಸಾಲುಗಳು ಊರೂರಿನ ಮೊಬೈಲುಗಳಲ್ಲಿ ಸರಿಯಾದ ದಿನ ಹೇಳುತ್ತಿವೆ.

ತಿದ್ದಿದವರು ತಮ್ಮ ಹೆಸರನ್ನು ತಂತ್ರಾಂಶದ ಪಟ್ಟಿಗೆ ಸೇರಿಸುವುದು ಅಲ್ಲಿಯ ಪದ್ಧತಿ. ವೈಜಯಂತಿ ಎರಡು ಹೆಸರು ಸೇರಿಸಿದ್ದಳು. “ಈ ತುಂಗಾಬಾಯಿ ಯಾರು? ಏನು ಕೆಲಸ ಮಾಡಿದ್ದಾರೆ?” ಎಂದು ನಾಗವೇಣಿಯವರು ಕೇಳಿದ್ದರು.

“ನಮ್ಮ ಅಜ್ಜಿ. ಮೂವತ್ತೊಂದು ವರ್ಷ ಬೊಟ್ಟು ಇಟ್ಟಿದ್ದಾರೆ” ಎಂದು ಅವಳು ಬರೆದಳು.

ಆ ಹೆಸರನ್ನು ಯಾರೂ ಅಳಿಸಿಲ್ಲ.